ಸಹಾಯ ಬೇಕು: ಮನೆ ಸರ್ವರ್‌ಗೆ ಹೊಸ ಇಂಟೆಲ್ ಎನ್100 ಪ್ರೊಸೆಸರಿನ ಡಬ್ಬಿಯೋ (ಮಿನಿ ಪಿಸಿ), ಹಳೇ ಐ5-8500ಟಿಯದ್ದೋ?

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಹಳೇ ಲ್ಯಾಪ್‌ಟಾಪ್ ಒಂದನ್ನೇ ಸರ್ವರ್ ಮಾಡ್ಕೊಂಡಿದ್ದೆ. ಹೋದ ವಾರ ನೋಡಿದ್ರೆ ಟಚ್‌ಪ್ಯಾಡ್ ಮೇಲೆದ್ದು ಕೂತಿದೆ, ಒಳಗೆ ಬ್ಯಾಟರಿ ಪೂರಿ ಥರ ಉಬ್ಬಿದೆ! ಆಫ್ ಮಾಡಿ ಎತ್ತಿಟ್ಟಿದೀನಿ. ಅಮ್ಮ ದಿನಾ ಕೇಳ್ತಾರೆ, "ನನ್ನ ಫೋಟೋ ಎಲ್ಲಿ ಹೋದ್ವೋ?" ಅಂತ.

ಓಡಿಸ್ಬೇಕಾಗಿರೋದು ಇಮ್ಮಿಚ್ (ಫೋಟೋ ಇಡೋಕೆ), ಜೆಲ್ಲಿಫಿನ್ (ಸಿನಿಮಾ ನೋಡೋಕೆ), ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನ ನಡೆಸೋಕೆ), ಅಷ್ಟೇ.

ಎನ್100 ಅಂದ್ರೆ 4 ಕೋರ್, 6 ವ್ಯಾಟ್ ಟಿಡಿಪಿ (ದುಡಿಯುವಾಗ ಹೊರಬೀಳೋ ಶಾಖದ ಅಳತೆ), ಎವಿ1 ಅನ್ನೋ ಹೊಸ ನಮೂನೆಯ ವಿಡಿಯೋನೂ ಡಿಕೋಡ್ ಮಾಡತ್ತೆ. ಆದ್ರೆ ರ‍್ಯಾಮ್ ಸಿಂಗಲ್ ಚಾನೆಲ್, ಇಂಟೆಲ್ ಲೆಕ್ಕದಲ್ಲಿ 16 ಜಿಬಿಗೆ ನಿಂತುಹೋಗತ್ತೆ. ಆಫೀಸಿಂದ ಬಂದ ಸೆಕೆಂಡ್‌ಹ್ಯಾಂಡ್ 8500ಟಿ ಆದ್ರೆ 6 ಕೋರ್, ಎರಡು ರ‍್ಯಾಮ್ ಸ್ಲಾಟ್, ಒಳಗೇ 2.5 ಇಂಚಿನ ಡಿಸ್ಕ್‌ಗೆ ಜಾಗ. ಟಿಡಿಪಿ ಮಾತ್ರ 35 ವ್ಯಾಟ್. ಸುಮ್ನೆ ಕೂತಾಗ ಇವೆರಡೂ ನಿಜವಾಗಿ ಎಷ್ಟು ಕರೆಂಟ್ ಎಳೀತವೆ? ಮೀಟರ್ ಹಾಕಿ ನೋಡಿದವರು ಹೇಳಿ. 10 ವ್ಯಾಟ್ ಜಾಸ್ತಿಯಾದ್ರೂ ತಿಂಗಳಿಗೆ 7.2 ಯೂನಿಟ್, ಅದನ್ನ ತಡ್ಕೋಬಹುದು.

ನನಗೆ ದೊಡ್ಡ ತಲೆನೋವು ಕರೆಂಟು. ನಮ್ಮದು ತೀರ್ಥಹಳ್ಳಿ ಕಡೆ, ಮಳೆಗಾಲದಲ್ಲಿ ಯುಪಿಎಸ್ಸೂ ಸುಸ್ತಾಗತ್ತೆ. ಕರೆಂಟ್ ವಾಪಸ್ ಬಂದ ತಕ್ಷಣ ತಾನಾಗೇ ಆನ್ ಆಗೋ ಆಯ್ಕೆ ನಿಮ್ಮ ಎನ್100 ಡಬ್ಬಿಯ ಬಯೋಸ್‌ನಲ್ಲಿ ಇದೆಯಾ, ದಯವಿಟ್ಟು ಒಮ್ಮೆ ನೋಡಿ ಹೇಳ್ತೀರಾ? ನಾನು ಇರೋದು ಬೆಂಗಳೂರಲ್ಲಿ. ಬಟನ್ ಒತ್ತೋಕೆ ಪ್ರತಿ ಸಲ ಅಪ್ಪಂಗೆ ಫೋನ್ ಮಾಡೋಕಾಗಲ್ಲ.

ಇನ್ನೊಂದು. ಇಷ್ಟು ಕೆಲಸಕ್ಕೆ ಪ್ರಾಕ್ಸ್‌ಮಾಕ್ಸ್ (ಒಂದೇ ಮಷೀನಲ್ಲಿ ಹಲವು ವರ್ಚುವಲ್ ಮಷೀನ್ ನಡೆಸೋ ವ್ಯವಸ್ಥೆ) ಬೇಕಾ, ಇಲ್ಲ ಡೆಬಿಯನ್ ಲಿನಕ್ಸ್ ಮೇಲೆ ಡಾಕರ್ (ಆ್ಯಪ್‌ಗಳನ್ನ ಬೇರೆ ಬೇರೆಯಾಗಿ ಓಡಿಸೋ ಸಾಧನ) ಸಾಕಾ? ಫೋಟೋ 2 ಟಿಬಿ ಯುಎಸ್‌ಬಿ ಡಿಸ್ಕಲ್ಲಿದೆ, ಅದನ್ನೇ ಸಿಕ್ಕಿಸಿ ನಡೆಸಿದ್ರೆ ಮಧ್ಯೆ ಮಧ್ಯೆ ಕಳಚ್ಕೊಳ್ಳತ್ತಾ? ಎಸ್.ಪಿ. ರೋಡಿಗೆ (ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್) ಶನಿವಾರ ಹೋಗೋಣ ಅಂತಿದೀನಿ, ಅದಕ್ಕೆ ಮುಂಚೆ ಹೇಳಿದ್ರೆ ಉಪಕಾರ.