‘ಆಲಿವರ್ ಟ್ವಿಸ್ಟ್’ನಲ್ಲಿ ವಿಡಂಬನೆ ಎಲ್ಲಿದೆ?

ಪ್ರಶ್ನೆ: ಮೇಡಂ, ಎಂ.ಎ. ಸೆಮಿನಾರಿಗೆ ವಿಕ್ಟೋರಿಯನ್ ಕಾದಂಬರಿಯ ಸಾಮಾಜಿಕ ವಿಡಂಬನೆ ಅನ್ನೋ ವಿಷಯ ಸಿಕ್ಕಿದೆ. ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ ಓದಿದೆ. ಹುಡುಗ ಇನ್ನಷ್ಟು ಗಂಜಿ ಕೇಳೋ ಕಡೆ ಕರುಳು ಚುರುಕ್ ಅನ್ನುತ್ತೆ. ಆದರೆ ವಿಡಂಬನೆ ಎಲ್ಲಿದೆ?

ಉತ್ತರ: ಆ ದೃಶ್ಯಕ್ಕಿಂತ ಸ್ವಲ್ಪ ಹಿಂದೆ ಹೋಗಿ. 2ನೇ ಅಧ್ಯಾಯದಲ್ಲಿ ವರ್ಕ್‌ಹೌಸಿನ (ಬಡವರಿಗೆ ಊಟ-ಆಶ್ರಯ ಕೊಟ್ಟು ಕೆಲಸ ಮಾಡಿಸೋ ಜಾಗ) ಆಡಳಿತ ಮಂಡಳಿ ನಿಯಮ ಮಾಡೋ ಪ್ಯಾರಾ ಇದೆ, ಅದನ್ನು ಸಾಲುಸಾಲಾಗಿ ಓದಿ. ಓದುವಾಗ ಇಂಗ್ಲೆಂಡಿನ 1834ರ ಬಡವರ ಕಾಯ್ದೆ ತಲೆಯಲ್ಲಿರಲಿ: ದುಡಿಯೋ ಶಕ್ತಿ ಇದ್ದವರಿಗೆ ನೆರವು ಬೇಕಾದರೆ ವರ್ಕ್‌ಹೌಸ್ ಸೇರಬೇಕು, ಒಳಗಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತ ಕಷ್ಟವಾಗಿರಬೇಕು. ಕಾದಂಬರಿಯ ಕಂತುಗಳು ಶುರುವಾಗಿದ್ದು 1837ರಲ್ಲಿ.

ಡಿಕನ್ಸ್‌ನ ಮಂಡಳಿ ನೀರನ್ನು ಎಷ್ಟು ಬೇಕಾದರೂ ತರಿಸುತ್ತೆ, ಓಟ್ಸ್ ಹಿಟ್ಟನ್ನು ಮಾತ್ರ ಚೂರುಪಾರು. ದಿನಕ್ಕೆ 3 ಸಲ ನೀರುಗಂಜಿ, ವಾರಕ್ಕೆ 2 ಸಲ ಈರುಳ್ಳಿ, ಭಾನುವಾರ ಅರ್ಧ ಬನ್ನು. ಅದರ ಬೆನ್ನಿಗೇ ಬರೋ ಸಾಲು ನೋಡಿ: ಮೊದಮೊದಲು ಖರ್ಚು ಹೆಚ್ಚಾಯಿತಂತೆ, ಯಾಕಂದರೆ ಶವಪೆಟ್ಟಿಗೆಯವನ ಬಿಲ್ ಏರಿತು, ಸೊರಗಿದವರ ಬಟ್ಟೆಯನ್ನೆಲ್ಲ ಚಿಕ್ಕದಾಗಿ ಹೊಲಿಸಬೇಕಾಯಿತು. ಸಾವು ಲೆಕ್ಕದ ಪುಸ್ತಕದ ಒಂದು ಬಾಬತ್ತಾಗಿಬಿಟ್ಟಿದೆ. ನಿರೂಪಕ ಇಲ್ಲಿ ಕೂಗಾಡೋದಿಲ್ಲ, ಮಂಡಳಿಯವರನ್ನು ಮಹಾವಿವೇಕಿಗಳು ಅಂತ ಹೊಗಳಿ ಅವರ ಧಾಟಿಯಲ್ಲೇ ಮಾತಾಡ್ತಾನೆ. ಗಂಡ-ಹೆಂಡತಿಯನ್ನು ಬೇರೆ ಇಡೋ ನಿಯಮವೂ ಹಾಗೇ: ಕೋರ್ಟಿನಲ್ಲಿ ವಿಚ್ಛೇದನ ದುಬಾರಿ, ಅದಕ್ಕೇ ಮಂಡಳಿ ಬಡವರ ಮೇಲೆ ದಯೆಯಿಟ್ಟು ತಾನೇ ಕೊಡಿಸಿತು! ನಿಮ್ಮ ಸೆಮಿನಾರಿಗೆ ಈ ಒಂದು ಪುಟವೇ ತಿರುಳು.

ಪ್ರಶ್ನೆ: ಹಾಗಾದರೆ ಆ ಊಟದ ಪಟ್ಟಿಯನ್ನು ಆಗಿನ ಕಾಲದ ದಾಖಲೆ ಅಂತ ಕೊಡಬಹುದಾ?

ಉತ್ತರ: ಖಂಡಿತ ಬೇಡ, ಬಹಳ ಜನ ಎಡವೋದು ಇಲ್ಲೇ. ಆ ಕಾಯ್ದೆ ಜಾರಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಮಿಷನರ್‌ಗಳ ಮಾದರಿ ಪಟ್ಟಿಗಳಲ್ಲಿ ಬ್ರೆಡ್ಡು, ಚೀಸು, ವಾರದಲ್ಲಿ ಕೆಲವು ದಿನ ಮಾಂಸ ಇತ್ತು. ಡಿಕನ್ಸ್ ಅಳತೆಯನ್ನು ಎಳೆದಾಡಿದ್ದಾನೆ, ಕಾಯ್ದೆಯ ಹಿಂದಿನ ತರ್ಕವನ್ನು ಮಾತ್ರ ಇದ್ದಹಾಗೇ ಹಿಡಿದಿದ್ದಾನೆ. ಆ ತರ್ಕ ಎಲ್ಲಿಗೆ ಮುಟ್ಟಿತು ಅನ್ನೋದಕ್ಕೆ 1845ರ ಆಂಡೋವರ್ ಪ್ರಕರಣ ಕೊಡಿ. ಅಲ್ಲಿನ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕೆ ಮೂಳೆ ಕುಟ್ಟುತ್ತಿದ್ದವರು ಹಸಿವು ತಾಳದೆ ಅದರ ಮಜ್ಜೆ ತಿನ್ನುತ್ತಿದ್ದದ್ದು ಬಯಲಾಯಿತು. 1847ರಲ್ಲಿ ಆ ಕಮಿಷನರ್‌ಗಳ ಕಮಿಷನ್ನೇ ಹೋಗಿ ಬೇರೆ ಮಂಡಳಿ ಬಂತು.

ಇನ್ನೊಬ್ಬರ ಉತ್ತರ: ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಹೋಲಿಕೆಗೆ ಥ್ಯಾಕರೆಯ ‘ವ್ಯಾನಿಟಿ ಫೇರ್’ (1847–48) ತಗೊಳ್ಳಿ, 36 ಮತ್ತು 37ನೇ ಅಧ್ಯಾಯ ಸಾಕು. ಕಾದಂಬರಿಯ ನಾಯಕಿ ಬೆಕಿ ಮತ್ತು ಅವಳ ಗಂಡ ಕೈಯಲ್ಲಿ ಕಾಸಿಲ್ಲದೆ ಲಂಡನ್ನಿನಲ್ಲಿ ಮೆರೀತಾರೆ, ಅವರನ್ನು ನಂಬಿ ಮನೆ ಕೊಟ್ಟ ಹಳೇ ಬಟ್ಲರ್ ರ‍್ಯಾಗಲ್ಸ್ ದಿವಾಳಿಯಾಗ್ತಾನೆ. ಡಿಕನ್ಸ್ ಗುರಿಯಿಟ್ಟಿದ್ದು ಒಂದು ಕಾಯ್ದೆಗೆ, ಥ್ಯಾಕರೆ ದೊಡ್ಡಸ್ತಿಕೆಯ ಹುಚ್ಚಿಗೆ. ಥ್ಯಾಕರೆಯ ಕಥೆ ನಡೆಯೋದು ವಾಟರ್‌ಲೂ ಯುದ್ಧದ (1815) ಆಸುಪಾಸಿನಲ್ಲಿ, ಅಂದರೆ ವಿಕ್ಟೋರಿಯಾ ಪಟ್ಟಕ್ಕೆ ಬರೋ ಮುಂಚೆ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪರೀಕ್ಷಕರು ಅದನ್ನೇ ಕೇಳ್ತಾರೆ.