5 ಕೆಜಿ ಮೊಲಕ್ಕೆ ಮನೆ: ತಾರಸಿ ಮೇಲೆ ಮೂರಂತಸ್ತಿನ ಗೂಡೋ, ಯುಟಿಲಿಟಿಯಲ್ಲೇ ಜಾಗವೋ?

ಬೆಣ್ಣೆನಗರಿ:
ನಮಸ್ಕಾರ. ಊರು ದಾವಣಗೆರೆ. ನ್ಯೂಜಿಲೆಂಡ್ ವೈಟ್ ತಳಿಯ ಗಂಡು ಮೊಲ, ವಯಸ್ಸು ಒಂದೂಕಾಲು ವರ್ಷ, ತೂಕ 4.8 ಕೆಜಿ. ಈಗ ಇರುವುದು ಅಂಗಡಿಯಲ್ಲಿ ಸಿಗುವ 3×2 ಅಡಿ ಕಬ್ಬಿಣದ ಪಂಜರದಲ್ಲಿ. ತಳ ಪೂರ್ತಿ ತಂತಿ, ಕೆಳಗೆ ಟ್ರೇ. ಅಡ್ಡ ಮಲಗಿದರೆ ಮೂತಿ ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ತಗಲುತ್ತೆ. ಎರಡೂ ಹಿಮ್ಮಡಿ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಗಿ ಚರ್ಮ ಕೆಂಪಾಗಿದೆ.

ಮರಗೆಲಸದವರು ಹೇಳುತ್ತಿರುವುದು ತಾರಸಿ ಮೇಲೆ ಶೀಟ್ ಹಾಕಿ ಮೂರಂತಸ್ತಿನ ಗೂಡು, ಒಂದೊಂದು ಅಂತಸ್ತು 4×2 ಅಡಿ, ನಡುವೆ ಹತ್ತಲು ಹಲಗೆ. ಇನ್ನೊಂದು ದಾರಿ, ಅಡುಗೆಮನೆ ಹಿಂದಿನ ಯುಟಿಲಿಟಿ. ನೆಲಮಹಡಿ, 10×6 ಅಡಿ, ಮೂಲೆಯಲ್ಲಿ ವಾಷಿಂಗ್ ಮಷಿನ್, ಪೂರ್ವಕ್ಕೆ 6 ಅಡಿ ಅಗಲ 7 ಅಡಿ ಎತ್ತರದ ಗ್ರಿಲ್, ನೆಲಕ್ಕೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. ಯಾವುದು ಸರಿ? ನೆಲಕ್ಕೆ ಏನು ಹಾಸಬೇಕು, ಜಾಲರಿ ಯಾವುದು ತರಬೇಕು, ಏಪ್ರಿಲ್ ಬಿಸಿಲಿಗೆ ಏನು ಮಾಡಬೇಕು?

ತಂತಿಬಾಗಿಲು:
ಯುಟಿಲಿಟಿ. ಯೋಚನೆಯೇ ಬೇಡ. ಮೂರಂತಸ್ತು ಸೇರಿ 24 ಚದರ ಅಡಿ ಅಂತ ಕಾಗದದ ಮೇಲೆ ಲೆಕ್ಕ ಸಿಗುತ್ತೆ, ಆದರೆ ಮೊಲಕ್ಕೆ ಸಿಗುವುದು ಮೂರು ಬೇರೆ ಬೇರೆ ಪಂಜರ. ಈ ಗಾತ್ರದ ಮೊಲ ಎರಡು ಹಾರಿಗೆ 4 ಅಡಿ ಮುಗಿಸುತ್ತೆ. ಅದಕ್ಕೆ ಬೇಕಾದ್ದು ಒಂದೇ ಸಮ ನೆಲ. ಬ್ರಿಟನ್ನಿನ ರ್‍ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಜೋಡಿ ಮೊಲಕ್ಕೆ ಹೇಳುವ ಕನಿಷ್ಠ ಅಳತೆ 3×2 ಮೀಟರ್ ನೆಲ, 1 ಮೀಟರ್ ಎತ್ತರ. ನಿಮ್ಮ ಯುಟಿಲಿಟಿ ಹೆಚ್ಚುಕಡಿಮೆ ಅಷ್ಟೇ ಇದೆ. ಅದೂ ಅಲ್ಲದೆ ಮೊಲದ ಮೂಳೆ ಹಗುರ, ಹಿಂಗಾಲಿನ ಬಲ ಜಾಸ್ತಿ. ಇಳಿಜಾರು ಹಲಗೆಯಲ್ಲಿ ಜಾರಿ ಒದ್ದುಕೊಂಡರೆ ಬೆನ್ನುಮೂಳೆ ಮುರಿಯುತ್ತೆ, ಭಾರದ ತಳಿಯಲ್ಲಿ ಇನ್ನೂ ಸುಲಭವಾಗಿ.

ಗ್ರಿಲ್‌ಗೆ ಜಾಲರಿ: ಆರು ಮೂಲೆ ಕಣ್ಣಿನ ಕೋಳಿ ಜಾಲರಿ ತರಬೇಡಿ, ಅದನ್ನು ಕಚ್ಚಿ ಹರಿಯುತ್ತೆ. ಜಿಐ ವೆಲ್ಡ್‌ಮೆಶ್ (ಸತು ಲೇಪಿಸಿದ, ಬೆಸುಗೆ ಹಾಕಿದ ಕಬ್ಬಿಣದ ಜಾಲರಿ), ಕಣ್ಣು ಅರ್ಧ ಇಂಚು, ತಂತಿ 16 ಗೇಜ್‌ಗಿಂತ ತೆಳು ಬೇಡ. ಗೇಜ್ ಸಂಖ್ಯೆ ಏರಿದಷ್ಟೂ ತಂತಿ ತೆಳುವಾಗುತ್ತೆ ಅನ್ನೋದು ನೆನಪಿರಲಿ, 16 ಅಂದರೆ ಸುಮಾರು 1.6 ಮಿ.ಮೀ. ಅಂಗಡಿಯಲ್ಲಿ "20 ಗೇಜ್, ಇನ್ನೂ ಗಟ್ಟಿ" ಅಂದರೆ ನಂಬಬೇಡಿ. 4 ಅಡಿ ಅಗಲದ ರೋಲ್‌ನಿಂದ 6 ಅಡಿಯ ಎರಡು ತುಂಡು, ಒಂದರ ಮೇಲೊಂದು ಅರ್ಧ ಅಡಿ ಏರುವಂತೆ ಕಟ್ಟಿದರೆ 7 ಅಡಿ ಎತ್ತರ ಮುಚ್ಚಿಹೋಗುತ್ತೆ. ಅಂಚು ಬಗ್ಗಿಸಲು ಸೇರಿ 13 ಅಡಿ ತನ್ನಿ. ಕೆಳಗಷ್ಟೇ ಹಾಕಿ ಮೇಲೆ ಬಿಟ್ಟರೆ ಬೆಕ್ಕು, ಕೋತಿ ಮೇಲಿನಿಂದ ಇಳಿಯುತ್ತವೆ. ಬೈಂಡಿಂಗ್ ವೈರ್‌ನಲ್ಲಿ ಆರಾರು ಇಂಚಿಗೆ ಕಟ್ಟಿ, ತಿರುಚಿದ ತುದಿಗಳು ಹೊರಗಡೆ ಇರಲಿ. ಹೊಸ ಜಾಲರಿಯ ಮೇಲೆ ಸತುವಿನ ಪುಡಿ, ಚೂಪು ಕಣ ಇರುತ್ತೆ, ಮೊಲ ನೆಕ್ಕಿದರೆ ವಿಷ. ಕಟ್ಟುವ ಮೊದಲು ವಿನೆಗರ್ ಹಚ್ಚಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ.

ಅಡುಗೆಮನೆ ಬಾಗಿಲಿಗೆ ಒಂದಿಂಚು ಸ್ಕ್ವೇರ್ ಪೈಪ್‌ನ ಗೇಟ್, ಎತ್ತರ 4 ಅಡಿ. 3 ಅಡಿಯನ್ನು ಕೆಲವು ಮೊಲ ಹಾರುತ್ತವೆ. ಕೆಳಗಿನ ಸಂದು ಒಂದಿಂಚು ಮೀರಬಾರದು. ಟವರ್ ಬೋಲ್ಟ್ ಎರಡು: ಒಂದು ಮೇಲೆ, ಒಂದು ನೆಲದ ಹತ್ತಿರ. ಮೇಲೊಂದೇ ಇದ್ದರೆ ಕೆಳಗಿನ ಮೂಲೆಯನ್ನು ಹಲ್ಲಲ್ಲಿ ಹಿಡಿದು ಅಲುಗಾಡಿಸಿ ಗೇಟ್ ಬಾಗಿಸುತ್ತೆ, ರಾತ್ರಿಯೆಲ್ಲ ಸದ್ದು ಬೇರೆ.

ನೀರು ಹೋಗುವ ತೂತಿಗೆ ಸ್ಕ್ರೂ ಹಾಕುವ ಸ್ಟೀಲ್ ಜಾಲಿ ಕೂರಿಸಿ. ನೆಲಮಹಡಿಯಲ್ಲಿ ಹೆಗ್ಗಣ, ಹಾವು ಬರುವ ದಾರಿಯೇ ಅದು. ವಾಷಿಂಗ್ ಮಷಿನ್ ಸುತ್ತ 2½ ಅಡಿ ಎತ್ತರದ ಜಾಲರಿ ಚೌಕಟ್ಟು ನಿಲ್ಲಿಸಿ, ವೈರನ್ನು ಗೋಡೆ ಮೇಲೆ 3 ಅಡಿ ಎತ್ತರದಲ್ಲಿ ಪಿವಿಸಿ ಪೈಪ್ ಒಳಗೆ ಒಯ್ಯಿರಿ. ಗ್ಯಾಸ್ ಸಿಲಿಂಡರ್ ಕೂಡ ಅಲ್ಲೇ ಇದ್ದರೆ ಮೊದಲು ಅದನ್ನು ಹೊರಗೆ ಸಾಗಿಸಿ. ರಬ್ಬರ್ ಪೈಪ್ ಕಚ್ಚಲು ಮೊಲಕ್ಕೆ ಒಂದು ನಿಮಿಷ ಸಾಕು.

ಗರಿಕೆಹುಲ್ಲು:
ಮೇಲಿನವರು ನೆಲದ ವಿಷಯ ಬಿಟ್ಟರು, ಅವಸರ ಇರುವುದು ಅದಕ್ಕೇ. ನಾಯಿ, ಬೆಕ್ಕಿನ ಹಾಗೆ ಮೊಲದ ಪಾದಕ್ಕೆ ಗಟ್ಟಿ ದಿಂಬು ಇಲ್ಲ, ಬರೀ ಕೂದಲು. ಕೂತಾಗ ಹೆಚ್ಚಿನ ಭಾರ ಹಿಮ್ಮಡಿಯ ಒಂದು ಸಣ್ಣ ಜಾಗದ ಮೇಲೆ. ಐದು ಕೆಜಿ ಭಾರ ತಂತಿ ಮೇಲೆ ಕೂತರೆ ಮೊದಲು ಕೂದಲು ಹೋಗುತ್ತೆ, ಆಮೇಲೆ ಕೆಂಪು, ಆಮೇಲೆ ಹಕ್ಕಳೆ, ಕೊನೆಗೆ ಸೋಂಕು ಮೂಳೆಗೆ ಇಳಿಯುತ್ತೆ. ನಿಮ್ಮದು ಎರಡನೇ ಹಂತ. ಗೇಟ್ ಆಗುವವರೆಗೆ ಕಾಯಬೇಡಿ, ಇವತ್ತೇ ಪಂಜರದ ತಳಕ್ಕೆ ದಪ್ಪ ರಟ್ಟು, ಅದರ ಮೇಲೆ ಎರಡಿಂಚು ಒಣಹುಲ್ಲು ಹಾಕಿ, ಒದ್ದೆಯಾದ ಕೂಡಲೇ ಬದಲಿಸಿ. ಉಗುರು ಉದ್ದ ಬೆಳೆದಿದ್ದರೆ ಕತ್ತರಿಸಿ. ಉದ್ದ ಉಗುರು ಬೆರಳನ್ನು ಮೇಲಕ್ಕೆತ್ತಿ ಭಾರವನ್ನೆಲ್ಲ ಹಿಮ್ಮಡಿಗೆ ತಳ್ಳುತ್ತೆ. ಹಕ್ಕಳೆ ಕಟ್ಟಿದರೆ ಅಥವಾ ಕಾಲೂರಲು ಹಿಂಜರಿದರೆ ವೈದ್ಯರಿಗೆ ತೋರಿಸಲೇಬೇಕು.

ಶಹಾಬಾದ್ ಕಲ್ಲು ಬೇಸಿಗೆಗೆ ಚೆನ್ನ, ತಂಪು. ಆದರೆ ಪಾಲಿಶ್ ಮಾಡಿದ್ದು ಜಾರುತ್ತೆ. ಜಾರುವ ನೆಲದಲ್ಲಿ ಮೊಲ ಓಡುವುದನ್ನೇ ಬಿಟ್ಟು ಮೂಲೆ ಹಿಡಿಯುತ್ತೆ. ಮುಕ್ಕಾಲು ಭಾಗಕ್ಕೆ ಜೊಂಡಿನ ಚಾಪೆ ಹಾಸಿ, ಕಾಲು ಭಾಗ ಬರಿಗಲ್ಲು ಬಿಡಿ. ಚಾಪೆ ಬಣ್ಣ ಹಾಕದ್ದಿರಲಿ, ಕಡಿದು ನುಂಗಿದರೂ ತೊಂದರೆಯಿಲ್ಲ. ಅಂಚಿಗೆ ಪ್ಲಾಸ್ಟಿಕ್ ದಾರ, ಬಟ್ಟೆ ಪಟ್ಟಿ ಹೊಲಿದಿದ್ದರೆ ಬಿಚ್ಚಿ ತೆಗೆಯಿರಿ. ಗೋಣಿಚೀಲ, ರಬ್ಬರ್ ಮ್ಯಾಟ್, ಫೋಮ್ ಬೇಡ. ನಾರು, ತುಂಡು ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತೆ, ಮೊಲಕ್ಕೆ ವಾಂತಿ ಮಾಡಿ ಹೊರಹಾಕುವ ದಾರಿಯೂ ಇಲ್ಲ.

ಶೆಡ್‌ಮನೆ:
ತಂತಿ ತಳವನ್ನು ಅಷ್ಟು ಬೈಯಬೇಡಿ ಸರ್, ಸಾಕಣೆ ಶೆಡ್‌ಗಳಲ್ಲಿ ಅದನ್ನು ಬಳಸುವುದಕ್ಕೆ ಕಾರಣ ಇದೆ. ಕಾಕ್ಸಿಡಿಯಾ ರೋಗಾಣು ಹಿಕ್ಕೆಯಲ್ಲಿ ಹೊರಬರುತ್ತೆ, ತೇವ ಸಿಕ್ಕಿದರೆ ಒಂದೆರಡು ದಿನದಲ್ಲಿ ಇನ್ನೊಂದು ಮೊಲಕ್ಕೆ ಅಂಟುವಷ್ಟು ಬಲಿಯುತ್ತೆ. ನೂರಾರು ಮೊಲ ಇರುವಲ್ಲಿ ಹಿಕ್ಕೆ ಕೆಳಗೆ ಬಿದ್ದುಹೋಗಲೇಬೇಕು, ಇಲ್ಲದಿದ್ದರೆ ಮರಿಗಳು ಉಳಿಯಲ್ಲ. ಹಾಗಿದ್ದೂ ತಾಯಿ ಮೊಲದ ಪಂಜರಕ್ಕೆ ಕಾಲೂರಲು ಪ್ಲಾಸ್ಟಿಕ್ ಹಲಗೆ ಇಡುತ್ತಾರೆ.

ಮನೆಯಲ್ಲಿ ಒಂದೇ ಮೊಲ, ದಿನಾ ಗುಡಿಸುವ ಕೈ ಇದೆ ಅಂದರೆ ತಂತಿ ಬೇಕಿಲ್ಲ, ಒಪ್ಪುತ್ತೇನೆ. ಆದರೆ ನೆಲದ ಮೇಲೆ ಬಿಟ್ಟಮೇಲೆ ದಿನಕ್ಕೊಮ್ಮೆ ಗುಡಿಸುವುದು ತಪ್ಪಕೂಡದು, ನೆಲ ಒಣಗಿರಬೇಕು. ಭತ್ತದ ಹುಲ್ಲನ್ನು ಹಾಸಿಗೆಗೆ ಧಾರಾಳವಾಗಿ ಬಳಸಿ, ಮೇವಿಗೆ ಅದೊಂದನ್ನೇ ನಂಬಬೇಡಿ. ಮೇವಿಗೆ ಒಣಗಿಸಿದ ಗರಿಕೆ, ರೋಡ್ಸ್ ಹುಲ್ಲು ಒಳ್ಳೆಯದು. ಕುದುರೆಮೆಂತ್ಯದಲ್ಲಿ ಸುಣ್ಣದಂಶ ಹೆಚ್ಚು, ಬೆಳೆದ ಮೊಲಕ್ಕೆ ದಿನಾ ಬೇಡ.

ಧಾರವಾಡ ಫೇಡೆ:
ಬೆಣ್ಣೆನಗರಿಯವರೆ, ಉಚ್ಚಿ ಜಾಗಾದ ಬಗ್ಗೆ ನೀವು ಕೇಳೇ ಇಲ್ಲ ನೋಡ್ರಿ, ಅದಾಗದಿದ್ರ ಮನ್ಯಾಗಿನವರು ಎಂಟು ದಿನದಾಗ ಮೊಲಾನ್ನ ತಿರುಗಿ ಪಂಜರಕ್ಕ ಹಾಕ್ತಾರ.

ಬೆಕ್ಕಿನ ಟ್ರೇ ಇದಕ್ಕ ಸಾಲಂಗಿಲ್ಲ. 24×18 ಇಂಚಿನ ಪ್ಲಾಸ್ಟಿಕ್ ಟಬ್ ತಗೊಂಡು ಮೂರು ಕಡೆ 8 ಇಂಚು ಗೋಡಿ ಉಳಿಸ್ರಿ, ಮುಂದ 4 ಇಂಚಿಗೆ ಕೊಯ್ದು ಅಂಚು ಉಜ್ಜಕಾಗದದಾಗ ನುಣುಪು ಮಾಡ್ರಿ. ತಳಕ್ಕ ನಾಲ್ಕು ಪದರು ಸುದ್ದಿಪತ್ರಿಕೆ, ಮ್ಯಾಲ ಒಂದಿಂಚು ಕಟ್ಟಿಗಿ ಪೆಲೆಟ್ (ಕಟ್ಟಿಗಿ ಪುಡಿ ಒತ್ತಿ ಮಾಡಿದ ಗುಳಿಗಿ), ಅದರ ಮ್ಯಾಲ ಹುಲ್ಲು. ನೀರಿಗೆ ಗಟ್ಟಿಯಾಗೋ ಬೆಕ್ಕಿನ ಮಣ್ಣು ಒಟ್ಟ ಬ್ಯಾಡ, ತಿಂದ್ರ ಹೊಟ್ಟ್ಯಾಗ ಗಟ್ಟಿ ಆಗ್ತದ. ಪೈನ್ ಕಟ್ಟಿಗಿ ಹೊಟ್ಟೂ ಬ್ಯಾಡ. ಹುಲ್ಲಿನ ಬುಟ್ಟಿ ಟಬ್ಬಿನ ತಲಿ ಮ್ಯಾಲೇ ಕಟ್ರಿ. ಮೊಲ ಮೇಯ್ತಾನ ಹಿಕ್ಕಿ ಹಾಕ್ತದ, ಅದರ ಚಟಾನ ನಮಗ ಅನುಕೂಲ. ಗಂಡು ಗ್ವಾಡಿಗೆ ಸಿಡಿಸೂದು ನಿಲ್ಲಬೇಕಂದ್ರ ನ್ಯೂಟರ್ (ಬೀಜ ತಗಸೂ ಆಪರೇಷನ್) ಮಾಡಸ್ರಿ, ಟಬ್ ಬದಲಿ ಮಾಡಿ ಉಪಯೋಗಿಲ್ಲ. ಆಪರೇಷನ್ ಮುಂಚೆ ಮೊಲಾನ್ನ ಉಪವಾಸ ಕೆಡವಬಾರದು, ಹುಲ್ಲು ತಿನ್ಕೋತ ಇರಬೇಕು.

ತೊಳಿಯೂದ್ರಾಗ ಒಂದು ಮಾತು. ಮೊಲದ ಉಚ್ಚಿ ಒಣಗಿ ಬಿಳಿ ಕರಣಿ ಕಟ್ತದ, ಅದು ಸುಣ್ಣದಂಶ. ಟಬ್ಬಿಗೆ ವಿನೆಗರ್ ಹಾಕಿ ಅರ್ಧ ತಾಸು ಬಿಟ್ರ ಬಿಡ್ತದ. ಆದ್ರ ಅದ ವಿನೆಗರ್ ಶಹಾಬಾದಿ ಮ್ಯಾಲ ಹಾಕಬ್ಯಾಡ್ರಿ, ಆ ಕಲ್ಲೂ ಸುಣ್ಣದ್ದ, ಪಾಲಿಶ್ ತಿಂದು ತೂತು ಬೀಳ್ತದ. ಕಲ್ಲಿಗೆ ಸಾಬೂನ ನೀರು ಸಾಕು. ಉಚ್ಚಿ ಮ್ಯಾಲ ಬ್ಲೀಚಿಂಗ್ ಪೌಡರ್ ಸುರವಬ್ಯಾಡ್ರಿ, ಕಣ್ಣು, ಎದಿ ಉರಿಯೋ ಗ್ಯಾಸ್ ಹುಟ್ತದ. ಫಿನೈಲೂ ಮೊಲದ ಜಾಗಾದಾಗ ಬ್ಯಾಡ.

ತಂಪುನೆರಳು:
ಬೇಸಿಗೆ ಬಗ್ಗೆ. ಮೊಲ 15ರಿಂದ 21 ಡಿಗ್ರಿಯಲ್ಲಿ ಆರಾಮ. 28 ದಾಟಿದ ಮೇಲೆ ಕಣ್ಣಿಟ್ಟಿರಬೇಕು. ಅದಕ್ಕೆ ಬೆವರು ಇಲ್ಲ, ಮೈಬಿಸಿ ಹೊರಹೋಗುವುದು ಮುಖ್ಯವಾಗಿ ಕಿವಿಯಿಂದ. ದೊಡ್ಡ ಮೈಗೆ ಬಿಸಿ ಬಿಡುವುದು ಇನ್ನೂ ನಿಧಾನ. ತಾರಸಿ ಶೀಟಿನ ಕೆಳಗೆ ಮಾರ್ಚ್‌ನಿಂದ ಮೇವರೆಗೆ ದಾವಣಗೆರೆಯಲ್ಲಿ ಇಟ್ಟರೆ ಒಂದು ಮಧ್ಯಾಹ್ನ ಸಾಕು ಸಾಯಲು. ರಾತ್ರಿಯೂ ಆರ್‌ಸಿಸಿ ಬಿಸಿ ಉಗುಳುತ್ತಲೇ ಇರುತ್ತೆ.

ಥರ್ಮಾಮೀಟರನ್ನು ನೆಲದಿಂದ ಒಂದಡಿ ಎತ್ತರಕ್ಕೆ ತೂಗುಹಾಕಿ, ನಿಮ್ಮ ತಲೆ ಮಟ್ಟದಲ್ಲಲ್ಲ. ಪೂರ್ವದ ಗ್ರಿಲ್‌ಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಅಥವಾ 75% ಶೇಡ್ ನೆಟ್. ಬೆವರದ ಪ್ರಾಣಿಗೆ ಬರೀ ಫ್ಯಾನ್‌ನಿಂದ ಹೆಚ್ಚು ಲಾಭವಿಲ್ಲ. ನಿಮ್ಮೂರಿನ ಒಣ ಬಿಸಿಲಿಗೆ ಏರ್‌ಕೂಲರ್ ಕೆಲಸ ಮಾಡುತ್ತೆ, ಆದರೆ ಗಾಳಿ ನೇರ ಮೊಲಕ್ಕೆ ಹೊಡೆಯದಿರಲಿ. ಮಂಗಳೂರು ಕಡೆಯವರು ಇದನ್ನು ಓದಿ ಕೂಲರ್ ತರಬೇಡಿ, ಅಲ್ಲಿನ ತೇವಕ್ಕೆ ಅದರಿಂದ ಸೆಖೆಯೇ ಹೆಚ್ಚುತ್ತೆ. ಎರಡು ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಹತ್ತಿಬಟ್ಟೆ ಸುತ್ತಿ ಬರಿಗಲ್ಲಿನ ಮೇಲೆ ಇಡಿ, ಬೇಕಾದಾಗ ತಾನೇ ಒರಗುತ್ತೆ. ನೀರಿಗೆ ನಿಪ್ಪಲ್ ಬಾಟಲಿ ಬದಲು ಭಾರದ ಪಿಂಗಾಣಿ ಬಟ್ಟಲು. ಈ ತೂಕದ ಮೊಲ ದಿನಕ್ಕೆ ಕಾಲು ಲೀಟರ್‌ನಿಂದ ಅರ್ಧ ಲೀಟರ್ ಕುಡಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಿಪ್ಪಲ್‌ನಿಂದ ಹನಿಹನಿಯಾಗಿ ಅಷ್ಟು ಕುಡಿಯುವುದು ಕಷ್ಟ.

ಬಾಯಿ ತೆರೆದು ಏದುತ್ತಿದ್ದರೆ, ಕಿವಿ ಕೆಂಪಾಗಿ ಸುಡುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ಅದು ಬಿಸಿಲಾಘಾತ. ಸಾಧಾರಣ ತಂಪು ನೀರಲ್ಲಿ ಕಿವಿ ಒದ್ದೆ ಮಾಡುತ್ತಾ ಆಸ್ಪತ್ರೆಗೆ ಹೊರಡಿ. ಐಸ್ ನೀರಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಸಾಯುತ್ತೆ.

ಬೆಣ್ಣೆನಗರಿ:
ಎಲ್ಲರಿಗೂ ಧನ್ಯವಾದ. ರಟ್ಟು, ಹುಲ್ಲು ಹಾಕಿದೆ. ತಾರಸಿ ಗೂಡು ಕ್ಯಾನ್ಸಲ್. ಇನ್ನೆರಡು ಪ್ರಶ್ನೆ: ಇಷ್ಟು ಜಾಗ ಬಿಟ್ಟಮೇಲೂ ಒಳಗೊಂದು ಗೂಡು ಬೇಕಾ? ಮಳೆಗಾಲಕ್ಕೆ ಬೇರೆ ಏನಾದರೂ?

ತಂತಿಬಾಗಿಲು:
ಬೇಕು. ಮಷಿನ್‌ನ ಎದುರು ಮೂಲೆಯಲ್ಲಿ, ಸ್ಪಿನ್ ಸದ್ದಿಗೆ ದೂರ. ಉದ್ದ 30 ಇಂಚು, ಅಗಲ 20, ಎತ್ತರ 18. ಬಾಗಿಲು ಎರಡು, ಒಂದೊಂದೂ 10 ಇಂಚು ಅಗಲ. ಒಂದೇ ಬಾಗಿಲಿದ್ದರೆ ಹೆದರಿದ ಮೊಲ ಒಳಗೆ ಸಿಕ್ಕಿಬಿದ್ದು ಮೂಲೆಗೆ ಗುದ್ದಿಕೊಳ್ಳುತ್ತೆ. ತಳ ಇಲ್ಲದ ಪೆಟ್ಟಿಗೆ ಸಾಕು, ಎತ್ತಿ ಗುಡಿಸಬಹುದು. ಪ್ಲೈವುಡ್ ಬದಲು ಪಾಲಿಶ್ ಹಾಕದ ಹಲಗೆ ಕೊಡಿ. ಪ್ಲೈನ ಪದರು, ಅಂಟು ಎರಡೂ ಹೊಟ್ಟೆ ಸೇರುತ್ತವೆ. ಮೇಲ್ಭಾಗ ಸಮತಟ್ಟಾಗಿರಲಿ, ಹತ್ತಿ ಕೂರಲು.

ಗರಿಕೆಹುಲ್ಲು:
ಮಳೆಗಾಲಕ್ಕೆ: ಹುಲ್ಲಿನ ಕಟ್ಟು ನೆಲಕ್ಕೆ ತಾಗದಂತೆ ಹಲಗೆ ಮೇಲೆ, ಗೋಡೆಯಿಂದ ದೂರ. ಮುಗ್ಗಲು ವಾಸನೆ ಬಂದರೆ ಹಾಸಿಗೆಗೂ ಬಳಸಬೇಡಿ. ಬಾಲದ ಕೆಳಗೆ ದಿನಾ ಎತ್ತಿ ನೋಡಿ. ಅಲ್ಲಿ ಹಿಕ್ಕೆ ಮೆತ್ತಿಕೊಂಡಿದ್ದರೆ ನೊಣ ಮೊಟ್ಟೆ ಇಡುತ್ತೆ, ಒಂದು ದಿನದೊಳಗೆ ಹುಳ ಬೀಳುತ್ತೆ. ಗ್ರಿಲ್‌ನ ಒಳಗಡೆ ಸೊಳ್ಳೆ ಪರದೆ ಬೇಡ, ಕಡಿದು ತಿನ್ನುತ್ತೆ. ವೆಲ್ಡ್‌ಮೆಶ್‌ನ ಹೊರಮೈಗೆ ಹಾಕಿ. ಉಣ್ಣೆ, ಹೇನು ಕಂಡರೆ ನಾಯಿಗೆ ಹಚ್ಚುವ ಫಿಪ್ರೊನಿಲ್ ಹನಿ ಹಾಕಲೇಬೇಡಿ, ಮೊಲಕ್ಕೆ ಅದು ಪ್ರಾಣಾಂತಿಕ.