ನಾಲ್ಕೇ ವಾರಕ್ಕೆ ಆಟಗಾರರು ಕೈಕೊಡುತ್ತಿದ್ದಾರೆ, ಏನು ಮಾಡಲಿ? (ಶಿವಮೊಗ್ಗ)

ಕೊನೆಗಾರ:
ತಲೆ ಕೆಟ್ಟುಹೋಗಿದೆ. ವಿನೋಬನಗರದ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಸಂಜೆ ಐದು ಜನ ಸೇರುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತಾ ಕತೆ ಮುಂದುವರಿಸುವ ಆಟ. ನಡೆಸುವುದು ನಾನು. ಮೊದಲ ವಾರ ಎಲ್ಲರಿಗೂ ಖುಷಿ. ಎರಡನೇ ವಾರ ನಮ್ಮ ಭಾವನ ಪಾತ್ರ ಸತ್ತಿತು. ಗರಡಿ ಪೈಲ್ವಾನ್ ಅಂತ ಬರೆದುಕೊಂಡಿದ್ದರು. ಮಚ್ಚಿನ ಎರಡೇ ಏಟು. ಭಾವ ಪಾತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಾಫಿ ಲೋಟದ ಅಡಿಗಿಟ್ಟು, ಮೊಬೈಲ್ ನೋಡುತ್ತಾ ಕೂತರು. ಈಗ ಎಲ್ಲರದ್ದೂ ಒಂದೇ ರಾಗ, 'ನಮಗೆ ಬಲ ಬರೋದು ಯಾವಾಗ?' ಚಿಕ್ಕಮ್ಮನ ಮಗಳಿಗೆ ತಾಳಮದ್ದಳೆ ಹುಚ್ಚು, ಅವಳು ದಾಳ ಮುಟ್ಟುವುದೇ ಇಲ್ಲ, ಬರೀ ಮಾತು. ಸಾಗರದಿಂದ ಬರುವ ಗೆಳೆಯನಿಗೆ ಏಳು ಗಂಟೆಯಿಂದಲೇ ಬಸ್ಸಿನ ಚಿಂತೆ. ಕಳೆದ ವಾರ ಬಂದದ್ದು ಇಬ್ಬರು. ಮೂರು ತಿಂಗಳು ಕೂತು ಬರೆದ ಕತೆ ಮಾರಾಯ್ರೆ. ಎಲ್ಲಿ ತಪ್ಪುತ್ತಿದೆ?

ಇಪ್ಪತ್ತುಮುಖ:
ಲೆವೆಲ್ ಕೊಡುವುದರಲ್ಲಿ ಜಿಪುಣತನ ಮಾಡಿದ್ದೀರಿ, ಅಷ್ಟೇ. 300 ಅನುಭವ ಅಂಕಕ್ಕೆ ಎರಡನೇ ಲೆವೆಲ್, 900ಕ್ಕೆ ಮೂರು. ಬೇಗ ಬೇಗ ಏರಿಸಿ. ಐದಕ್ಕೆ ಬಂದರೆ ಮಾಂತ್ರಿಕನಿಗೆ ಬೆಂಕಿಯುಂಡೆ ಸಿಗುತ್ತದೆ. ಆರು ಮುಖದ ಎಂಟು ದಾಳ ಒಟ್ಟಿಗೆ ಉರುಳಿದರೆ ಯಾವ ಭಾವನೂ ಮೊಬೈಲ್ ನೋಡುವುದಿಲ್ಲ.

ಘಟ್ಟದಮೇಲೆ:
ಲೆವೆಲ್ ಅಲ್ಲ, ಕಾಳಗದ ಲೆಕ್ಕ ನೋಡಿ. 2014ರ ಪುಸ್ತಕದಲ್ಲಿ ಪಾತ್ರಗಳ ಒಂದು ದಿನಕ್ಕೆ ಆರರಿಂದ ಎಂಟು ಮುಖಾಮುಖಿ ಅಂತ ಇದೆ. ಒಂದೇ ದೊಡ್ಡ ಕಾಳಗ ಇಟ್ಟರೆ ಯಾರಾದರೂ ಸಾಯುತ್ತಾರೆ.

ಇಪ್ಪತ್ತುಮುಖ:
ಆ ಎಂಟರ ಲೆಕ್ಕವನ್ನು ನಿಮ್ಮ ಮೇಜಿನಲ್ಲಿ ಒಂದು ಸಲವಾದರೂ ಮುಗಿಸಿದ್ದೀರಾ? ಸುಮ್ನೆ ಪುಸ್ತಕ ಓದಿ ಹೇಳಬೇಡಿ.

ಘಟ್ಟದಮೇಲೆ:
ಮುಗಿಸಿದ್ದೇನೆ. ಹಲಸಿನ ಮರದ ಮೇಜು, ಎಂಟು ಜನ ಕೂರುತ್ತಾರೆ, ಕರೆಂಟ್ ಹೋದರೆ ಬ್ಯಾಟರಿ ದೀಪ. ಬಂದು ನೋಡಿ ಬೇಕಾದರೆ.

ಕೊನೆಗಾರ:
ನಮ್ಮಲ್ಲಿ ಲೆವೆಲ್ ಇಲ್ಲ.

ಇಪ್ಪತ್ತುಮುಖ:
ತೆಗೆದುಹಾಕಿದ್ದೀರಾ! ನೋಡಿ, ಅಲ್ಲೇ ಇರುವುದು ರೋಗ. ಸ್ವಂತ ನಿಯಮ ಮಾಡಲು ಹೋದವರೆಲ್ಲ ಹೀಗೇ ಬಂದು ಅಳುತ್ತಾರೆ.

ಹಾಳೆಟೋಪಿ:
ತಡೀರಿ ಸ್ವಾಮಿ. ಕೊನೆಗಾರರೇ, ಆಡುತ್ತಿರುವುದು ಯಾವ ಆಟ?

ಕೊನೆಗಾರ:
ಕಾಲ್ ಆಫ್ ಕ್ತುಲು, ಏಳನೇ ಆವೃತ್ತಿ. ಹೇಳಿದ್ದೆ ಅಲ್ವಾ?

ಹಾಳೆಟೋಪಿ:
ಹೇಳಿಲ್ಲ. ಇವರಿಬ್ಬರೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ತಿಳಿದು ಆ ಆಟದ ಲೆಕ್ಕ ಹೇಳಿದರು. ಎರಡು ಏಟಿಗೆ ಪೈಲ್ವಾನ್ ಬಿದ್ದ ಅಂದಾಗಲೇ ನನಗೆ ಅನುಮಾನ ಬಂತು. 1981ರಿಂದ ಆ ಆಟ ಇರುವುದೇ ಹಾಗೆ. ಸಾಧಾರಣ ಮನುಷ್ಯನ ಜೀವದ ಅಂಕ ಹತ್ತೋ ಹನ್ನೆರಡೋ, ಕೊನೆಯವರೆಗೂ ಅಷ್ಟೇ. ಅದಿರಲಿ, ಜನರನ್ನು ಏನಂತ ಹೇಳಿ ಕರೆದಿರಿ?

ಕೊನೆಗಾರ:
ಡ್ರ್ಯಾಗನ್, ಕತ್ತಿ, ಸಾಹಸ ಅಂತ. ದೆವ್ವದ ಮನೆಯ ತನಿಖೆ ಅಂದಿದ್ದರೆ ಭಾವ ಬರುತ್ತಲೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಗೊತ್ತಿಲ್ಲದೆ ಬಂದರೆ ಭಯ ಜಾಸ್ತಿ ಹುಟ್ಟುತ್ತದೆ ಅಂದುಕೊಂಡೆ. 1925ರ ತೀರ್ಥಹಳ್ಳಿ ಕಡೆಯ ಹಳೇ ಮನೆ, ಮಳೆಗಾಲ, ಅಟ್ಟದಲ್ಲಿ ಬೀಗ ಹಾಕಿದ ಪೆಟ್ಟಿಗೆ. ಚೆನ್ನಾಗಿಯೇ ಇದೆ ಕತೆ.

ಹಾಳೆಟೋಪಿ:
ಕತೆ ಚೆನ್ನಾಗಿರಬಹುದು. ಆದರೆ ಮದುವೆ ಊಟ ಅಂತ ಕರೆದು ತಿಥಿ ಊಟ ಬಡಿಸಿದ್ದೀರಿ. ವಡೆ ಎಷ್ಟು ಗರಿಗರಿ ಇದ್ದರೂ ಮುಖ ಗಂಟಿಕ್ಕುತ್ತಾರೆ.

ನಿಮ್ಮ ತಂಗಿಯನ್ನೇ ಕೇಳಿ. ಪ್ರಸಂಗ ಯಾವುದು ಅಂತ ತಿಳಿಯದೆ ಅರ್ಥ ಹೇಳುವವರು ಕೂರುತ್ತಾರಾ? ಕರ್ಣಪರ್ವ ಅಂದಮೇಲೆ ಕರ್ಣ ಸಾಯುತ್ತಾನೆ ಅಂತ ಕೊನೇ ಸಾಲಿನ ಅಜ್ಜನಿಗೂ ಗೊತ್ತು. ಏನು ಮಾತಾಡಿ ಸಾಯುತ್ತಾನೆ ಅಂತ ಕೇಳಲಿಕ್ಕೇ ನಿದ್ದೆಗೆಟ್ಟು ಕೂರುವುದು. ಅಟ್ಟದಲ್ಲಿ ಏನಿದೆ ಅಂತ ಹೇಳಬೇಡಿ. ಅಟ್ಟ ಹತ್ತಿದವರು ಸಾಯಬಹುದು ಅಂತ ಮೊದಲೇ ಹೇಳಿ.

ಮುಂದಿನ ಭಾನುವಾರ ಆಟ ಬೇಡ, ಬರೀ ಮಾತಾಡಿ. ಸೆಷನ್ ಝೀರೋ ಅಂತಾರಲ್ಲ, ಅದು. ಇಲ್ಲಿ ಲೆವೆಲ್ ಇಲ್ಲ, ಓಡಿಹೋಗುವುದು ಅವಮಾನ ಅಲ್ಲ ಅಂತ ಬಾಯಿಬಿಟ್ಟು ಹೇಳಿ. ಬಲ ಬೇಕು ಅನ್ನುವವರಿಗೆ ಕೌಶಲ್ಯದ ಗುರುತು ತೋರಿಸಿ. ಆಟದಲ್ಲಿ ಗೆದ್ದ ಕೌಶಲ್ಯಕ್ಕೆ ಆಮೇಲೆ ನೂರರ ದಾಳ ಎಸೆಯುತ್ತಾರಲ್ಲ, ಈಗಿರುವ ಅಂಕಕ್ಕಿಂತ ಜಾಸ್ತಿ ಬಿದ್ದರೆ ಹತ್ತು ಮುಖದ ದಾಳದಷ್ಟು ಏರುತ್ತದೆ. ಅದನ್ನು ನೀವು ಮಾಡಿಸುತ್ತಲೇ ಇಲ್ಲ ಅಂತ ನನ್ನ ಊಹೆ. ಯಾರಿಗೆ ಯಾವ ವಿಷಯ ಬೇಡ ಅಂತಲೂ ಕೇಳಿ. ಮಕ್ಕಳಿಗೆ ತೊಂದರೆ ಆಗುವ ದೃಶ್ಯ ಬೇಡ ಅಂದರೆ ಬೇಡ, ವಾದ ಮಾಡಬೇಡಿ. ಬಸ್ಸು ಎಷ್ಟು ಗಂಟೆಗೋ ಅದಕ್ಕಿಂತ ಅರ್ಧ ಗಂಟೆ ಮೊದಲೇ ನಿಲ್ಲಿಸಿ.

ಘಟ್ಟದಮೇಲೆ:
ಭಾವನಿಗೆ ಹೊಡೆದಾಟವೇ ಬೇಕು ಅಂದರೆ ಪಲ್ಪ್ ಕ್ತುಲು ನೋಡಿ, ಇದೇ ಆಟದ ಸಾಹಸದ ರೂಪ. ಜೀವದ ಅಂಕ ಎರಡು ಪಟ್ಟು.

ಇಪ್ಪತ್ತುಮುಖ:
ಇಷ್ಟೆಲ್ಲ ಯಾಕೆ? ಆಟವನ್ನೇ ಬದಲಾಯಿಸಿ. ಬೆಂಕಿಯುಂಡೆ ಇಲ್ಲದ ಆಟ ಒಂದು ಆಟವಾ?

ಕೊನೆಗಾರ:
ಗುರುತಿನ ವಿಷಯ ಮರೆತೇ ಹೋಗಿತ್ತು. ನಾಲ್ಕು ವಾರದಲ್ಲಿ ಒಂದು ಸಲವೂ ಮಾಡಿಸಿಲ್ಲ. ನಾಚಿಕೆ ಆಯಿತು.

ಘಟ್ಟದಮೇಲೆ:
ಅಂದಹಾಗೆ ದಾಳ ಎಲ್ಲಿ ಎಸೆಯುತ್ತೀರಿ? ಮೇಜಿನ ಮೇಲೆ ಎಸೆದರೆ ನೂರರ ದಾಳ ಮಂಚದಡಿಗೆ ಓಡುತ್ತದೆ.

ಹಾಳೆಟೋಪಿ:
ಅಡಿಕೆ ಹಾಳೆ ತಟ್ಟೆ. ಚೌಕದ್ದು, ಅಂಚು ಎತ್ತರ ಇರುವುದು. ಮದುವೆಮನೆಯಲ್ಲಿ ಉಳಿದದ್ದು ತಂದಿಟ್ಟಿದ್ದೇನೆ, ಅಂಗಡಿಯ ಟ್ರೇ ಇದರ ಮುಂದೆ ಏನೂ ಅಲ್ಲ.

ಕೊನೆಗಾರ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಾತುಕತೆಗೆ ಮೂವರು ಬಂದರು. ಸಾಗರದವನಿಗೆ ತೋಟದಲ್ಲಿ ಕೊಳೆ ಔಷಧಿ ಹೊಡೆಯುವ ಕೆಲಸ. ನಾನು ಡ್ರ್ಯಾಗನ್ ಅಂತ ಸುಳ್ಳು ಹೇಳಿದ್ದು ಒಪ್ಪಿಕೊಂಡೆ. ಭಾವ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಬಸ್ ಕಂಡಕ್ಟರ್ ಪಾತ್ರ ಬರೆದುಕೊಂಡರು. ಹೆಸರಿನ ಕೆಳಗೆ 'ಅಟ್ಟ ಹತ್ತುವುದಿಲ್ಲ' ಅಂತ ಬರೆದು ಅಡಿಗೆರೆ ಎಳೆದಿದ್ದಾರೆ. ಅಟ್ಟ ಹತ್ತದಿದ್ದರೆ ನನ್ನ ಕತೆ ಮುಂದೆ ಹೋಗುವುದಿಲ್ಲವಲ್ಲ, ಈಗ ಏನು ಮಾಡಲಿ?

ಘಟ್ಟದಮೇಲೆ:
ಹಾಳೆಟೋಪಿಯವರೇ, ನಿಮ್ಮ ಮಾತು ಕೇಳಿ ಹಾಳೆ ತಟ್ಟೆ ಇಟ್ಟೆ. ಈ ಮಳೆಗೆ ವಾರದಲ್ಲೇ ಬೂಷ್ಟು ಹಿಡಿಯಿತು. ನೀವು ಒಲೆ ಮೇಲೆ ಇಡುತ್ತೀರಾ?